ಗುಲಾಬಬಿ ಹೊರದ ಹರಕೆ

ಗುಲಾಬಬಿ ನಕ್ಕದ್ದನ್ನು ಕಂಡವರು ಹರ್ತಿಯಲ್ಲಿ ಕೆಲವರಾದರೂ ಇದ್ದಾರೆ. ಸಿಟ್ಟಿಗೆದ್ದದ್ದನ್ನು ಕಾಣದವರು ಒಬ್ಬರೂ ಇಲ್ಲ. ಶಿರಹಟ್ಟಿಯಿಂದ ಸೊಸೆಯಾಗಿ ಬಂದ ವರ್ಷವೇ ನೀರಿನ ಪಾಳಿಗಾಗಿ ಅರ್ಧ ಓಣಿಯೊಡನೆ ಜಗಳವಾಡಿದ್ದಳು. ಗಂಡ ಅಯ್ಯೂಬ ಲಾರಿ ಡ್ರೈವರ್. ಊರಿಗೆ ಬಂದಾಗಲೆಲ್ಲ ಹೆಂಡತಿಯ ಮುಖ ನೋಡಿಯೇ ಎಷ್ಟು ದಿನ ಇರಬೇಕೆಂದು ತೀರ್ಮಾನಿಸುತ್ತಿದ್ದ.

ಅವಳ ಕಸುಬು ಪ್ಯಾಲೆಟ್ ಒಡೆಯುವುದು. ಸುತ್ತಲಿನ ಗುಡ್ಡಗಳಿಗೆ ಗಾಳಿಯಂತ್ರದ ಸಾಮಾನು ತರುವ ಲಾರಿಗಳು, ಆ ಸಾಮಾನು ಪೇರಿಸಿ ತಂದ ಕಟ್ಟಿಗೆಯ ಅಟ್ಟಣಿಗೆಗಳನ್ನು ಬಯಲಲ್ಲೇ ಬಿಟ್ಟು ಹೋಗುತ್ತವೆ. ಅವನ್ನು ಹೊತ್ತು ತಂದು, ಒಡೆದು, ಮೊಳೆ ಕಿತ್ತು ಒಲೆಗೆ ಮಾರುತ್ತಿದ್ದಳು. ಮಗಳು ತಬಸ್ಸುಮ ಗದಗಿನ ಕಾಲೇಜಿನಲ್ಲಿ ಸೈಕಲ್ ಟ್ರಯಲ್ಸ್ ಎಂಬ ಆಟ ಹಚ್ಚಿಕೊಂಡ ಮೇಲೆ ಒಡೆಯುವ ಕೈ ಕಟ್ಟುವುದನ್ನೂ ಕಲಿಯಿತು.

ಅದು ಓಡಿಸಿ ಗೆಲ್ಲುವ ಆಟವಲ್ಲ. ಸೀಟಿಲ್ಲದ ಸೈಕಲ್ ಮೇಲೆ ನಿಂತು ಬಂಡೆ, ಮೆಟ್ಟಿಲು, ಗೇಣಗಲದ ಹಲಗೆ ದಾಟಬೇಕು. ಕಾಲು ನೆಲಕ್ಕೆ ತಾಗಿತೋ, ತಪ್ಪು ಬಿತ್ತು. ತಬಸ್ಸುಮ ಮೊದಮೊದಲು ದನ ನೀರು ಕುಡಿಯುವ ತೊಟ್ಟಿಯ ಅಂಚಿಗೆ, ಪಂಚಾಯಿತಿ ಕಟ್ಟೆಗೆ ಹಾರುತ್ತಿದ್ದಳು. ಎಲ್ಲರೂ ಅಟ್ಟಿದರು. ಅಟ್ಟಿದವರನ್ನೆಲ್ಲ ಗುಲಾಬಬಿ ಬೈದು ಬಂದಳು, ಬಂದವಳೇ ಪ್ಯಾಲೆಟ್ ಜೋಡಿಸತೊಡಗಿದಳು. ಒಂದರ ಮೇಲೊಂದು ಪೇರಿಸಿ ಕಬ್ಬಿಣದ ಪಟ್ಟಿ ಬಿಗಿದರೆ ಮೆಟ್ಟಿಲು. ಎರಡರ ನಡುವೆ ಉದ್ದ ಹಲಗೆ ಹಾಸಿದರೆ ಸೇತುವೆ. ಒಂದನ್ನು ಓರೆಯಾಗಿ ಆನಿಸಿದರೆ ಏರು. ಪ್ಯಾಲೆಟ್ಟಿನ ಪಟ್ಟಿಗಳ ಸಂದಿನಲ್ಲಿ ಗಾಲಿ ಸಿಕ್ಕಿ ಮಗಳ ಮೊಣಕಾಲು ಒಡೆದ ದಿನ ಕಟ್ಟಿಗೆಯನ್ನು, ಲಾರಿಯನ್ನು, ಗಾಳಿಯನ್ನೂ ಶಪಿಸಿದಳು. ಮರುದಿನ ಸಂದುಗಳಿಗೆಲ್ಲ ಅಡ್ಡಪಟ್ಟಿ ಬಿದ್ದಿತ್ತು. ಜಾರುವ ಅಂಚುಗಳ ಮೇಲೆ ಹಳೆಯ ಟಯರಿನ ತುಂಡು ಕೂತಿತ್ತು.

ಇವೆಲ್ಲ ನಿಂತದ್ದು ಅಲಾಯಿ ದೇವರ ಗುಡಿಯ ಮುಂದಿನ ಬಯಲಲ್ಲಿ. ಮೊಹರಂ ತಿಂಗಳು ಬಂತು. ಅಲಾಯಿ ಕುಣಿ, ಅಂದರೆ ಹಬ್ಬದ ಬೆಂಕಿಯ ಗುಂಡಿ, ತೋಡಿಯಾಯಿತು. ಹೆಜ್ಜೆ ಮೇಳದವರಿಗೆ ಕುಣಿಯಲು ಜಾಗ ಬೇಕು. ಯಾರೂ ಹೇಳುವ ಮೊದಲೇ ಗುಲಾಬಬಿ ಎಲ್ಲವನ್ನೂ ಬಿಚ್ಚಿ, ಓರಣವಾಗಿ ಗೋಡೆಗೆ ಒಟ್ಟಿ, ಮೊಳೆ ತರಲು ಬೆಟಗೇರಿಗೆ ಹೋದಳು. ಅವಸರದಲ್ಲಿ ತಪ್ಪಾದದ್ದು ಅಲ್ಲೇ. ಆ ಗೋಡೆ ಕುಣಿಯ ಪಕ್ಕದ್ದು. ಹರಕೆ ಹೊತ್ತವರು ಬೆಂಕಿಗೆಂದು ಕಟ್ಟಿಗೆ ತಂದು ಒಟ್ಟುವುದು ಅದೇ ಗೋಡೆಗೆ. ಅಲ್ಲಿ ಇಟ್ಟದ್ದನ್ನು ಯಾರೂ ವಾಪಸು ಕೇಳುವುದಿಲ್ಲ.

ಬಸ್ಸಿಳಿದಾಗ ಹೂ ಮಾರುವ ಕಸ್ತೂರೆವ್ವ ಎದುರಾಗಿ ಕೈ ಮುಗಿದಳು. ಇಷ್ಟು ಕಟ್ಟಿಗೆ ಈ ಊರಲ್ಲಿ ಯಾರೂ ಕೊಟ್ಟಿರಲಿಲ್ಲವಂತೆ. ಮಗಳ ಮದುವೆಗೆ ಹೊತ್ತ ಹರಕೆಯೇ ಎಂದೂ ಕೇಳಿದಳು. ಗುಲಾಬಬಿ ಬಯಲಿನತ್ತ ಓಡಿದಳು.

ಪ್ಯಾಲೆಟ್‌ಗಳಿಗೆ ಊದಿನ ಹೊಗೆ ಹಾಕಿಯಾಗಿತ್ತು. ಮೇಲೆ ಹಸಿರು ದಾರ ಸುತ್ತಿತ್ತು. ಕುಣಿ ತೋಡುವ ಹಕ್ಕಿನ ಮನೆತನದ ಯಮನೂರಪ್ಪ ಪಕ್ಕದಲ್ಲೇ ಸಲಿಕೆ ಊರಿ ನಿಂತಿದ್ದ.

"ಅದು ಕಟ್ಟಿಗಿ ಅಲ್ಲ, ಯಮನೂರಣ್ಣ. ನನ್ನ ಮಗಳು ಸೈಕಲ್ ಹತ್ತಸೋ ಸಾಮಾನು."

"ಮತ್ತ ಕುಣಿ ಬಾಜೂಕ ಯಾಕ ಒಟ್ಟಿದಿ? ನಮ್ಮಪ್ಪನ ಕಾಲದಾಗ ಒಬ್ಬಾತ ಮರತು ಹೊಲ ಹೂಡೋ ರಂಟಿ ಇಟ್ಟು ಹೋಗಿದ್ದ. ಅದನ್ನೂ ಸುಟ್ಟೇವಿ."

"ರಂಟಿ ಸುಟ್ಟಾಗ ಅಂವ ಸುಮ್ಕಿದ್ದ. ನಾ ಸುಮ್ಕಿರಾಕಿ ಅಲ್ಲ."

ಮಂದಿ ಸೇರಿದರು. ಗುಡಿಯ ಸೇವೆ ನೋಡಿಕೊಳ್ಳುವ ಮುಜಾವರ ಉಸ್ಮಾನಸಾಬರು ಬಂದು ಮೆಲ್ಲಗೆ ತಿಳಿಹೇಳಿದರು. ಹೊಗೆ ತಾಗಿದ್ದು ದೇವರದಾಯಿತು, ಬೇರೆ ಕಟ್ಟಿಗೆ ಹುಡುಕಿಕೊಳ್ಳಬೇಕು ಎಂದರು. ಅವರ ಆ ಮೆತ್ತಗಿನ ದನಿಯೇ ಅವಳ ಎದೆಗೆ ಕೆಂಡ ಸುರಿಯಿತು. ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪ್ರತಿ ವರ್ಷ ಇದೇ ಗುಡಿಯಲ್ಲಿ ಸಕ್ಕರೆ ಇಟ್ಟು ಫಾತೆಹಾ ಓದಿಸಿದವಳು, ತಬಸ್ಸುಮಳಿಗೆ ಜ್ವರ ಬಂದಾಗ ಇದೇ ಕುಣಿ ಸುತ್ತಿದವಳು ಅವಳು. ಆದರೆ ಮಗಳ ಸೈಕಲ್ ಆಟದ ಆಯ್ಕೆಯ ಸ್ಪರ್ಧೆ ಮುಂದಿನ ಆಯಿತವಾರವೇ ಧಾರವಾಡದಲ್ಲಿತ್ತು. ಅಷ್ಟರೊಳಗೆ ಬೇರೆ ಪ್ಯಾಲೆಟ್ ಎಲ್ಲಿಂದ ತರುವುದು? ಹೊಸ ಲಾರಿ ಬಂದು ತಿಂಗಳ ಮೇಲಾಗಿತ್ತು.

"ಹರಕಿ ಹೊರಾಕಿ ನಾನು, ಕಾಕಾ," ಎಂದಳು. "ನಾ ಹೊರದ ಹರಕಿ ನೀವು ಹ್ಯಾಂಗ ತೀರಸ್ತೀರಿ? ದೇವರ ಮುಂದ ಸುಳ್ಳ ಹೇಳಿದಂಗ ಆಗಂಗಿಲ್ಲೇನು?"

ಉಸ್ಮಾನಸಾಬರು ಒಯ್ಯಿ ಎನ್ನಲಿಲ್ಲ, ಬ್ಯಾಡ ಎನ್ನಲೂ ಇಲ್ಲ. ಜಪಮಣಿ ಎಣಿಸುತ್ತ ಒಳಗೆ ಹೋದರು. ಗುಲಾಬಬಿ ಹಸಿರು ದಾರ ಬಿಚ್ಚಿ ಕಣ್ಣಿಗೊತ್ತಿಕೊಂಡು ಗುಡಿಯ ಬಾಗಿಲಿಗೆ ಕಟ್ಟಿದಳು. ಆಮೇಲೆ ಒಂದೊಂದೇ ಪ್ಯಾಲೆಟ್ ಎಳೆದಳು. ಯಾರೂ ಕೈ ಹಚ್ಚಲಿಲ್ಲ, ಯಾರೂ ತಡೆಯಲಿಲ್ಲ. ಯಮನೂರಪ್ಪ ಮಾತ್ರ ಉಗುಳಿ, ಈ ವರ್ಷದ ಬೆಂಕಿ ಸಣ್ಣದಾದರೆ ಕಾರಣ ಯಾರೆಂದು ಊರಿಗೆ ಗೊತ್ತೈತಿ ಎಂದ.

ಮನೆಯ ಮುಂದೆ ಮೆಟ್ಟಿಲೂ ಸೇತುವೆಯೂ ಮತ್ತೆ ಎದ್ದು ನಿಲ್ಲುವಷ್ಟರಲ್ಲಿ ಕಾಲೇಜಿನಿಂದ ತಬಸ್ಸುಮ ಬಂದಳು. ಸುದ್ದಿ ಬಸ್ಸಿನಲ್ಲೇ ಸಿಕ್ಕಿತ್ತು. ಪ್ಯಾಲೆಟ್ ಮೂಸಿ ನೋಡಿದಳು. ಊದಿನ ವಾಸನೆ ಇನ್ನೂ ಇತ್ತು.

"ನಾ ಇದರ ಮ್ಯಾಲ ಗಾಲಿ ಹತ್ತಸಂಗಿಲ್ಲ, ಅಮ್ಮಾ. ಇದು ದೇವರಿಗೆ ಹೋದದ್ದು."

"ಆಯಿತವಾರ ಏನ ಮಾಡ್ತಿ?"

"ಸೋಲ್ತೀನಿ."

ಯಮನೂರಪ್ಪನ ಉಗುಳು ಸುಡದ ಜಾಗವನ್ನು ಆ ಒಂದು ಮಾತು ಸುಟ್ಟಿತು. ಯಾರಿಗಾಗಿ ಊರನ್ನು ಎದುರು ಹಾಕಿಕೊಂಡಳೋ ಅವಳೇ ಊರಿನ ಮಾತು ಆಡುತ್ತಿದ್ದಾಳೆ. ಗುಲಾಬಬಿ ಕೈಯಲ್ಲಿದ್ದ ಸುತ್ತಿಗೆ ಒಗೆದಳು. ಚಪ್ಪಲಿ ಕಳಚಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೈಯೂರಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಓಣಿಯ ಮಂದಿ ಬಾಗಿಲಿಗೆ ಬಂದರು. ಐವತ್ತು ದಾಟಿದ ದಪ್ಪ ಹೆಂಗಸು ಸೇತುವೆಯ ಹಲಗೆಯ ಮೇಲೆ ಬರಿಗಾಲಿಟ್ಟಳು.

"ಪಾಪ ಹತ್ತೂದಿದ್ರ ಮೊದಲ ನನಗ ಹತ್ತಲಿ," ಎಂದಳು, ಮಗಳಿಗೂ ಓಣಿಗೂ ಕೇಳುವಂತೆ. "ನಾ ತುಳದೇನಿ. ನೋಡ್ಕೋರಿ."

ನಡುವಿಗೆ ಬರುವಷ್ಟರಲ್ಲಿ ಹಲಗೆ ಬಾಗಿ ತೂಗಿತು. ಮುಂದೆ ಹೋಗಲಾಗದು, ಹಿಂದೆ ಸರಿಯಲಾಗದು. ಯಾರೋ ನಕ್ಕರು. ಅವಳು ನಕ್ಕವರ ವಂಶವನ್ನೇ ಬೈಯುತ್ತ, ಕೈ ಚಾಚಿ ಅಲ್ಲೇ ನಿಂತಳು. ಹಲಗೆ ಇನ್ನೂ ಬಾಗುತ್ತಿದ್ದುದು ತಬಸ್ಸುಮಳಿಗೆ ಕಂಡಿತು. ಅವಳು ಬ್ಯಾಗು ಒಗೆದು ಬಂದು ಹಲಗೆಯ ಕೆಳಗೆ ಹೆಗಲು ಕೊಟ್ಟಳು.

"ಇಳಿ, ಅಮ್ಮಾ. ನಡುವ ಜೋಲ್ತೈತಿ. ಅಡಿಗೆ ಒಂದು ಪಟ್ಟಿ ಬಡೀಬೇಕು."

"ಹತ್ತಂಗಿಲ್ಲ ಅಂದಾಕಿಗೆ ಜೋತ್ರೇನು, ಮುರದ್ರೇನು?"

ತಬಸ್ಸುಮ ತಾಯಿ ನಿಂತ ಹಲಗೆಯ ಕೆಳಗೆ ಇನ್ನೊಂದು ಪ್ಯಾಲೆಟ್ ಎಳೆದು ನಿಲ್ಲಿಸಿ, ಅವಳ ಭಾರ ಅದರ ಮೇಲೆ ಕೂತದ್ದನ್ನು ನೋಡಿಕೊಂಡು, ಬೆಟಗೇರಿಯಿಂದ ಬಂದ ಮೊಳೆಯ ಪೊಟ್ಟಣ ಹರಿದಳು. ಪಟ್ಟಿ ಬಡಿದು ಮುಗಿಯುವವರೆಗೆ ಗುಲಾಬಬಿ ಇಳಿಯಲಿಲ್ಲ. ಮೊಳೆ ಸೊಟ್ಟ ಹೋಗುತ್ತಿದೆ ಎಂದು ಮೇಲಿನಿಂದಲೇ ಬೈಯುತ್ತಿದ್ದಳು. ಆಮೇಲೆ ತಬಸ್ಸುಮ ಸೈಕಲ್ ತರಲು ಒಳಗೆ ಹೋದಳು.