ಕಂಡಿಕೆಯೊಳಗಿನ ಚೀಟಿ

ಮೊನ್ನೆ ಶುಕ್ರವಾರ ದೇವರ ಜಗಲಿ ತೊಳೆಯಬೇಕೆಂದು ಸಾಮಾನೆಲ್ಲ ಕೆಳಗಿಳಿಸಿದ್ದೆ. ಹಿಂದಿನ ಮೂಲೆಯಲ್ಲಿ ತುಕ್ಕು ಹಿಡಿದ ಊದಿನಕಡ್ಡಿ ಡಬ್ಬಿಯೊಂದಿತ್ತು. ತೆರೆದರೆ ಒಳಗೊಂದು ಕಂಡಿಕೆ, ಮಗ್ಗದ ಲಾಳಿಗೆ ಹಾಕುವ ನೂಲಿನ ಕೊಳವೆ. ಕೆಂಪು ನೂಲು, ಒಂದೆಳೆಯೂ ಬಳಸಿರಲಿಲ್ಲ. ಮಗ್ಗ ಮಾರಿ ಎಷ್ಟೋ ವರ್ಷವಾಯಿತು, ಅದು ಕೂಡುತ್ತಿದ್ದ ಕುಣಿಯನ್ನೂ ಮುಚ್ಚಿ ಫರಸಿಕಲ್ಲು ಹಾಕಿಸಿದ್ದೇವೆ. ಆದರೂ ಮೂಗಿನ ಹತ್ತಿರ ಹಿಡಿದರೆ ಬಣ್ಣದ ನೂಲಿನ ಆ ಹುಳಿ ವಾಸನೆ ಹಾಗೇ ಇತ್ತು...

ಮಗಳಿಗೆ ಶಾಲೆಯಲ್ಲಿ ಕಲಿಸಿದ ಅಕ್ಕೋರು ನೆನಪಾದರು. ನೆನಪಿನ ಬೆನ್ನಿಗೇ ಸಿಟ್ಟೂ ಬಂತು. ಅವರ ಮೇಲಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಮಗ್ಗ. ನಮ್ಮವರು ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ. ಆದರೆ ನನ್ನ ಬಲಗೈ ಮಣಿಕಟ್ಟು ಒಮ್ಮೆ ಮುರಿದು ಸರಿಯಾಗಿ ಕೂಡಲಿಲ್ಲ. ರಾಟೆ ತಿರುಗಿಸಿದರೆ ಸಂಜೆಗೆ ಬಾವು. ಹಾಗಾಗಿ ಆ ಕೆಲಸ ಮಗಳ ಪಾಲಿಗೆ ಬಂತು. ಓಣಿಯ ಸರಕಾರಿ ಶಾಲೆಯಲ್ಲಿ ಆರನೆಯ ಇಯತ್ತೆ. ವಾರಕ್ಕೆ ಮೂರು ದಿನ ಶಾಲೆ, ಮೂರು ದಿನ ರಾಟೆ. ಹಾಜರಿ ಪುಸ್ತಕದಲ್ಲಿ ಮಾತ್ರ ಆರೂ ದಿನ ಹಾಜರು! ಹೆಡ್ ಮಾಸ್ತರರು ಯಾರಿಗೂ ಗೈರು ಹಾಕುತ್ತಿರಲಿಲ್ಲ. ಎಂಥ ಒಳ್ಳೆಯವರು ಎಂದು ನಾವೆಲ್ಲ ಹೊಗಳುತ್ತಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ.

ಅಕ್ಕೋರು ಹೊಸದಾಗಿ ಬಂದವರು, ಗುಳೇದಗುಡ್ಡದ ಕಡೆಯವರು. ಬಂದ ತಿಂಗಳಲ್ಲೇ ಗೈರಾದವರಿಗೆ ಗೈರು ಹಾಕಿದರು. ಹಾಕಿ ಸುಮ್ಮನೆ ಕೂಡಲಿಲ್ಲ, ಸಂಜೆ ಮನೆಗೇ ಬಂದರು. ಸೆರಗಿನ ಅಂಚಿಗೆ ಸೀಮೆಸುಣ್ಣದ ಪುಡಿ, ಕೈಯಲ್ಲಿ ಬಟ್ಟೆಯ ಚೀಲ. ಬಯ್ಯುತ್ತಾರೆ ಎಂದು ನಾನೇ ಮೊದಲು ಬಾಯಿ ಮಾಡಿದೆ.

"ಅಕ್ಕೋರ, ಕಂಡಿಕಿ ಖಾಲಿ ಆದ್ರ ಮಗ್ಗ ನಿಂದರತೈತ್ರಿ. ಮಗ್ಗ ನಿಂತ್ರ ನಮ್ಮ ಒಲಿನೂ ನಿಂದರತೈತಿ."

"ಖರೆ ಐತ್ರಿ," ಎಂದರು. ಮಗಳ ಕಡೆ ತಿರುಗಿ, "ಸರಿ ಅತ್ಲಾಗ. ರಾಟಿ ನನಗ ಬಿಡು. ನಾ ಸುತ್ತತೇನಿ, ನೀ ಓದು. ನಮ್ಮವ್ವ ಕಂಡಿಕಿ ಸುತ್ತೇ ನನ್ನ ಓದಿಸ್ಯಾಳ, ಮರೆತಿಲ್ಲ ನನಗ."

ನಮ್ಮವರು ಕುಣಿಯೊಳಗಿಂದಲೇ ನಕ್ಕರು. "ನೋಡ, ಸರಕಾರ ತಾನ ಪಗಾರ ಕೊಟ್ಟು ನಮ್ಮನಿಗೆ ಆಳು ಕಳಿಸೈತಿ!"

"ತಗೊಂಡ ಪಗಾರಕ್ಕ ಒಂದರ ಕೆಲಸ ಆಗ್ಲಿ ಬಿಡ್ರಿ," ಎಂದು ಅಕ್ಕೋರು ರಾಟೆಯ ಮುಂದೆ ಕುಳಿತೇಬಿಟ್ಟರು.

ಆ ದಿನ ಗೊತ್ತಾಯಿತು, ಆರನೆಯ ಇಯತ್ತೆಯ ನನ್ನ ಮಗಳಿಗೆ ಅಕ್ಷರಗಳೇ ಪೂರ್ತಿ ಬರುತ್ತಿರಲಿಲ್ಲ. ಪ್ರತಿ ವರ್ಷ ಪಾಸಾಗಿದ್ದಳು. ಪುಸ್ತಕ ಹಿಡಿದು, ಪಕ್ಕದವರ ಬಾಯಿ ನೋಡಿ ತಾನೂ ಬಾಯಿ ಆಡಿಸುತ್ತಿದ್ದಳಂತೆ. ಐದು ವರ್ಷ ಯಾವ ಮಾಸ್ತರರಿಗೂ ಅದು ತಿಳಿಯಲಿಲ್ಲ. ಒಂದೇ ಮನೆಯಲ್ಲಿದ್ದ ನನಗೂ ತಿಳಿಯಲಿಲ್ಲ.

ಅಂದಿನಿಂದ ವಾರಕ್ಕೆರಡು ಸಂಜೆ ಬರುತ್ತಿದ್ದರು. ಉಳಿದ ನಾಲ್ಕು ದಿನ ನಮ್ಮ ಓಣಿಯ ಬೇರೆ ಮನೆಗಳು. ಅವರದೊಂದು ಪದ್ಧತಿ ಇತ್ತು. ನೂಲು ಸುತ್ತುವ ಮೊದಲು ಬೆರಳುದ್ದದ ಕಾಗದದ ಚೀಟಿಯ ಮೇಲೆ ಒಂದು ಶಬ್ದ ಬರೆದು ಕಂಡಿಕೆಗೆ ಸುತ್ತುತ್ತಿದ್ದರು. ಅದರ ಮೇಲೆ ನೂಲು. ಲಾಳಿ ಆ ಕಡೆ ಈ ಕಡೆ ಓಡಿ ನೂಲೆಲ್ಲ ಮುಗಿದ ಮೇಲೆ ಚೀಟಿ ಹೊರಗೆ ಬರುತ್ತಿತ್ತು. ನಮ್ಮವರಿಗೆ ಓದು ಬಾರದು. ಏನು ಬರೆದಿದೆ ಎಂದು ಗೊತ್ತಾಗುವತನಕ ಅವರಿಗೆ ಸಮಾಧಾನವಿಲ್ಲ. "ಏ, ಬಾರ ಇಲ್ಲಿ, ನಿಮ್ಮ ಅಕ್ಕೋರ ಚೀಟಿ ಬಂತು" ಎಂದು ಕೂಗುತ್ತಿದ್ದರು. ಮಗಳು ಓಡಿಹೋಗಿ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಲಾ... ಳಿ. ಮ... ಗ್ಗ. ತಪ್ಪಿದರೆ ಆ ಚೀಟಿ ಮತ್ತೊಂದು ಕಂಡಿಕೆಗೆ ಹೋಗುತ್ತಿತ್ತು. ಒಮ್ಮೆ ಚೀಟಿಯಲ್ಲಿ 'ಅಪ್ಪನಿಗೆ ಚಹಾ ಮಾಡು' ಎಂದಿತ್ತು. ಮಗಳು ಓದಿ ಬಾಯಿ ಮುಚ್ಚಿಕೊಂಡು ನಿಂತಳು. ನಮ್ಮವರು "ಏನೈತಿ, ಏನೈತಿ" ಎಂದು ಕೇಳಿ ಕೇಳಿ ಸಾಕಾದರು. "ಏನಿಲ್ಲಪ್ಪಾ, ಆಕಳ ಅಂತೈತಿ" ಎಂದು ಸುಳ್ಳು ಹೇಳಿದಳು. ಅಕ್ಕೋರು ಬಿದ್ದು ಬಿದ್ದು ನಕ್ಕರು. ಓದು ಬಂದದ್ದಕ್ಕೆ ಅದಕ್ಕಿಂತ ಗುರುತು ಬೇಕೇ...

ದೀಪಾವಳಿ ಮುಗಿದ ಮೇಲೆ ತಪಾಸಣಿ ಸುದ್ದಿ ಬಂತು. ಮೇಲಿನವರು ಬಂದು ಮಕ್ಕಳನ್ನು ಓದಿಸಿ ನೋಡಿ, ಶಾಲೆಗೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರಂತೆ. ನಾನು ಶಾಲಾ ಕಮಿಟಿಯಲ್ಲಿದ್ದೆ. ತಾಯಂದಿರಲ್ಲಿ ನಾಲ್ಕಕ್ಷರ ಓದಿ ಸಹಿ ಮಾಡಲು ಬರುವವಳು ಎಂದು ಸೇರಿಸಿಕೊಂಡಿದ್ದರು, ಬೇರೆ ಯೋಗ್ಯತೆ ಏನೂ ಇರಲಿಲ್ಲ. ಹೆಡ್ ಮಾಸ್ತರರು ಗೋಡೆಗೆ ಸುಣ್ಣ ಹೊಡೆಸಿದರು. ಕಪಾಟಿನಲ್ಲಿ ಕೀಲಿ ಹಾಕಿಟ್ಟಿದ್ದ ನಕಾಶೆ, ಗೋಲ ಎಲ್ಲ ಹೊರಗೆ ಬಂದವು. ಆಮೇಲೆ ಓದು ಬಾರದವರ ಯಾದಿ ಮಾಡಿದರು.

"ಇವರನ್ನ ಆ ದಿನ ಮನ್ಯಾಗ ಇಟ್ಕೊಳ್ರಿ ತಾಯಾರ," ಎಂದರು ನಮಗೆ. "ಸಾಲಿ ಹೆಸರು ಅಂದ್ರ ಓಣಿ ಹೆಸರು."

ಯಾದಿಯಲ್ಲಿ ನನ್ನ ಮಗಳ ಹೆಸರಿತ್ತು. ನನಗೆ ಬೇಸರವಾಗಲಿಲ್ಲ, ಒಂದು ದಿನ ರಾಟೆಗೆ ಆಗುತ್ತಾಳೆ ಎಂದುಕೊಂಡೆ. ಮನೆಗೆ ಬೀಗರು ಬಂದಾಗ ಹರಿದ ಹಾಸಿಗೆ ಒಳಗೆ ತಳ್ಳುವುದಿಲ್ಲವೇ, ಹಾಗೆ. ಹೆತ್ತ ಮಗಳನ್ನು ಹಾಸಿಗೆಯ ಹಾಗೆ ತಳ್ಳಿದೆ.

ತಪಾಸಣಿಯ ದಿನ ಬೆಳಿಗ್ಗೆ ಅಕ್ಕೋರು ನಮ್ಮ ಬಾಗಿಲಿಗೆ ಬಂದರು.

"ಎಲ್ಲಿ ಅಕಿ? ಕಳಸ್ರಿ."

"ಹೆಡ್ ಮಾಸ್ತರ ಬ್ಯಾಡ ಅಂದಾರ್ರಿ."

"ಅಲ್ರಿ, ಜಡ್ಡಾದವ್ರನ್ನೆಲ್ಲ ಮನ್ಯಾಗ ಮುಚ್ಚಿಟ್ಟು, ನಮ್ಮ ದವಾಖಾನಿ ಭಾಳ ಚಲೋ ಐತಿ ನೋಡ್ರಿ ಅಂದ್ರ ಹೆಂಗ್ರಿ?"

ಮಗಳು ಆಗಲೇ ರಾಟೆ ಬಿಟ್ಟು ಎದ್ದಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಹೋದರು. ಕಮಿಟಿಯವಳೆಂದು ನಾನೂ ಹಿಂದೆಯೇ ಹೋಗಿ ಗೋಡೆಗೆ ನಿಂತೆ.

ಬಂದ ಸಾಹೇಬರು ಮಗಳನ್ನೇ ಎಬ್ಬಿಸಿದರು. ಆರನೆಯ ಇಯತ್ತೆಯ ಪಾಠ, ಗಡಿಯಾರ ನೋಡಿಕೊಂಡು ಒಂದು ನಿಮಿಷ. ಮಗಳು ಓದಿದಳು. ಒಂದು ಶಬ್ದ, ಒಂದು ಉಸಿರು, ಮತ್ತೊಂದು ಶಬ್ದ. ಒತ್ತಕ್ಷರ ಬಂದಲ್ಲಿ ನಿಂತಳು. ಬೇರೆ ಇಯತ್ತೆಯಿಂದ ತಂದು ಕೂಡಿಸಿದ್ದ ಚುರುಕಿನ ಹುಡುಗರು ಕಿಸಕ್ಕೆಂದು ನಕ್ಕರು. ಸಾಹೇಬರು "ಸಾಕು" ಎಂದು ಏನೋ ಗೀಚಿದರು.

ಅಕ್ಕೋರು ಮುಂದೆ ಬಂದರು. "ಸರ್, ಜೂನ್ ತಿಂಗಳಾಗ ಇಕಿಗೆ ಅಕ್ಷರ ಸುದ್ದ ಬರ್ತಿರಲಿಲ್ಲ. ಈಗ ಕೂಡಿಸಿ ಓದ್ತಾಳ. ಅದನ್ನೂ ಬರೀರಿ."

ಸಾಹೇಬರು ಕಾಗದ ಮೇಲೆ ಕೆಳಗೆ ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯರೇನಲ್ಲ. "ಆ ಕಾಲಂ ಇಲ್ಲಲ್ರಿ ಇದರಾಗ," ಎಂದರು.

ಆ ಕಾಲಂ ಇಲ್ಲ! ಗೋಡೆಯ ಸುಣ್ಣಕ್ಕೆ ಕಾಲಂ ಇತ್ತು. ನಕಾಶೆಗೆ, ಕೈತೋಟಕ್ಕೆ, ನೀರಿನ ಟಾಕಿಗೆ ಇತ್ತು. ಬಾಯಿ ಆಡಿಸುತ್ತಿದ್ದ ಹುಡುಗಿ ಬಾಯಿ ಬಿಟ್ಟು ಓದಿದಳು ಎಂಬುದನ್ನು ಬರೆಯಲು ಜಾಗ ಇರಲಿಲ್ಲ.

ಈ ಸಿಟ್ಟು ಈಗಿನದು. ಅವತ್ತು ನನಗೆ ಬಂದ ಸಿಟ್ಟೇ ಬೇರೆ. ಶಾಲೆಗೆ ಸಿ ದರ್ಜೆ ಬಂತು. ನಳದ ಹತ್ತಿರ ಕೊಡ ಹಿಡಿದು ನಿಂತರೆ ಹೆಂಗಸರು "ಬಂದ್ಲು ನೋಡ್ರಿ ಸಿ ದರ್ಜಿ ತಾಯಿ" ಎನ್ನುತ್ತಿದ್ದರು. ಯಾದಿಯಲ್ಲಿದ್ದವರನ್ನೆಲ್ಲ ಅಕ್ಕೋರು ಮನೆಮನೆಗೆ ಹೋಗಿ ಕರೆತಂದಿದ್ದರೂ ಎದ್ದು ನಿಂತು ತಡವರಿಸಿದವಳು ನನ್ನ ಮಗಳು ತಾನೇ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಮನೆಯ ಮಾನ ಬೀದಿಗೆ ತಂದಳಲ್ಲ ಈ ಹೆಂಗಸು ಎಂದು ಅಕ್ಕೋರ ಮೇಲೆ ಹಲ್ಲು ಕಡಿದೆ.

ಹೆಡ್ ಮಾಸ್ತರರು ಕಮಿಟಿ ಕರೆದರು. ಅರ್ಜಿ ಮೊದಲೇ ಬರೆದಿಟ್ಟಿದ್ದರು. ಈ ಶಿಕ್ಷಕಿ ಸರಿಯಾಗಿ ಕಲಿಸುವುದಿಲ್ಲ, ಶಾಲೆಯ ಗುಣಮಟ್ಟ ಹಾಳಾಗಿದೆ, ಬೇರೆ ಕಡೆ ಕಳಿಸಬೇಕು.

"ತಾಯಾರ, ನಿಮ್ಮ ಮಗಳಿಗೇ ಅನ್ಯಾಯ ಆಗೈತಿ. ಮೊದಲು ನೀವ ಮಾಡ್ರಿ ಸಹಿ," ಎಂದರು.

ಮಾಡಿದೆ. ಮುರಿದು ಕೂಡಿದ ಇದೇ ಕೈಯಿಂದ. ರಾಟೆ ತಿರುಗಿಸಲು ಬಾರದ ಕೈಗೆ ಸಹಿ ಮಾಡಲು ನೋವಾಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅಕ್ಕೋರಿಗೆ ಐಹೊಳೆ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಹೋಗುವ ಮುನ್ನಾದಿನ ಸಂಜೆಯೂ ಬಂದು ರಾಟೆಯ ಮುಂದೆ ಕುಳಿತರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ರಾಟೆಯ ಸದ್ದು, ಮಗಳ ಓದು, ಎರಡೂ ಕೇಳಿಸುತ್ತಿದ್ದವು. ಆಮೇಲೆ ಎರಡೂ ನಿಂತವು...

ಮರುವರ್ಷ ಮತ್ತೆ ತಪಾಸಣಿ. ಮತ್ತೆ ಯಾದಿ. ಮತ್ತೆ ನನ್ನ ಮಗಳ ಹೆಸರು. ಮಗಳು ಹೇಳಿದಳು, "ಅವ್ವಾ, ನನಗೀಗ ಬರ್ತೈತಿ. ನಾ ಹೊಕ್ಕೇನಿ."

"ಸುಮ್ನ ಕುಂದರ. ಹ್ವಾದ ವರ್ಷ ಮಾಡಿದ್ದ ಸಾಕು," ಎಂದೆ.

ಆ ಸಲ ಎ ದರ್ಜೆ ಬಂತು. ಪೇಢೆ ಹಂಚಿದರು, ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿದರು. ಮೇಜಿನ ಮೇಲೆ ಬಿದ್ದಿದ್ದ ಯಾದಿ ನನ್ನ ಕಣ್ಣಿಗೆ ಬಿತ್ತು. ಹಳದಿಯಾದ ಹಾಳೆ. ಹಿಂದಿನ ವರ್ಷದ್ದೇ. ಊರು ಬಿಟ್ಟುಹೋದ ಎರಡು ಮಕ್ಕಳ ಹೆಸರೂ ಅದರಲ್ಲಿದ್ದವು. ಒಂದು ವರ್ಷ ಒಬ್ಬ ಮನುಷ್ಯನೂ ಆ ಮಕ್ಕಳನ್ನು ಕೂಡಿಸಿಕೊಂಡು ಏನು ಓದುತ್ತೀರಿ ಎಂದು ಕೇಳಿರಲಿಲ್ಲ. ಪೇಢೆ ಬಾಯಲ್ಲಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹೆಡ್ ಮಾಸ್ತರರ ಮುಂದೆ ಅವತ್ತು ಒಂದು ಮಾತು ಆಡಿದ್ದರೆ ಇವತ್ತು ಈ ಸಿಟ್ಟು ಇಷ್ಟು ಹಳಸುತ್ತಿರಲಿಲ್ಲ. ಆಡಲಿಲ್ಲ, ಮನೆಗೆ ಬಂದೆ.

ಮಗಳ ಓದು ಏಳನೆಯ ಇಯತ್ತೆಗೇ ನಿಂತಿತು. ಹೈಸ್ಕೂಲಿಗೆ ಕಳಿಸಲಿಲ್ಲ. ಅದೂ ನಮ್ಮದೇ ತಪ್ಪು.

ಆಮೇಲೆ ಅಕ್ಕೋರನ್ನು ಒಂದೇ ಸಲ ಕಂಡೆ. ಬಾದಾಮಿಗೆ ಹೋಗಿ ಬನಶಂಕರಿಗೆ ಉಡಿ ತುಂಬಿ ಬರುತ್ತಿದ್ದೆ. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕು. ಕಲ್ಲುಬೆಂಚಿನ ಮೇಲೆ ಅದೇ ಬಟ್ಟೆಯ ಚೀಲ ಇಟ್ಟುಕೊಂಡು ಕುಳಿತಿದ್ದರು. ಆಫೀಸಿನ ಕೆಲಸಕ್ಕೆ ಬಂದಿದ್ದರಂತೆ. ಬಹಳ ಇಳಿದುಹೋಗಿದ್ದರು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವರೇ ಕರೆದರು.

"ಹುಡುಗಿ ಓದ್ತಾಳೇನ್ರಿ?"

"ಓದ್ತಾಳ್ರಿ," ಎಂದೆ.

"ಜೋರಾಗಿ ಓದಸ್ರಿ. ಒಳಗೊಳಗ ಓದಿದ್ರ ತಪ್ಪು ಗೊತ್ತಾಗೂದಿಲ್ಲ. ನೀವು ಬಾಜೂಕ ಕುಂತು ಕೇಳ್ರಿ, ಸಾಕು."

ಅರ್ಜಿಯ ನಕಲು ಅವರ ಕೈಗೂ ಕೊಟ್ಟಿದ್ದರು. ಮೊದಲ ಸಹಿ ಯಾರದೆಂದು ಅವರಿಗೆ ಗೊತ್ತಿತ್ತು, ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಪ್ರಸಾದದ ಕೊಬ್ಬರಿ, ಕುಂಕುಮ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಚೀಲದೊಳಗೆ ಇಟ್ಟುಕೊಂಡರು. ತಪ್ಪಾಯಿತು ಎಂಬ ಒಂದು ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಇಳಕಲ್ಲಿನ ಬಸ್ಸು ಬಂತು. ಸುಳ್ಳು ಯಾಕೆ ಹೇಳಲಿ, ಬಸ್ಸು ಬಂದದ್ದಕ್ಕೆ ನನಗೆ ಸಮಾಧಾನವಾಯಿತು.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೊಟ್ಟೆಯ ಜಡ್ಡು. ಕೊನೆಯವರೆಗೂ ಆ ಹಳ್ಳಿಯಲ್ಲೇ ಇದ್ದರಂತೆ. ಅಲ್ಲಿ ಮಗ್ಗಗಳಿಲ್ಲ. ಯಾರ ಮನೆಯಲ್ಲಿ ಏನು ಕೆಲಸ ಮಾಡಿಕೊಡುತ್ತ ಮಕ್ಕಳನ್ನು ಓದಿಸಿದರೋ...

ತಾಯಿ ಬನಶಂಕರಿಯ ದಯೆ, ಮಗಳಿಗೆ ಓದು ಉಳಿಯಿತು. ದವಾಖಾನೆಯಲ್ಲಿ ಔಷಧದ ಬಾಟಲಿ ಓದುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ, ತನ್ನ ಮಕ್ಕಳ ಪಾಠ ತಾನೇ ಹೇಳಿಸುತ್ತಾಳೆ. ಇಷ್ಟಾದರೂ ಕೊಟ್ಟೆಯಲ್ಲವ್ವ ಎಂದು ದಿನಾ ಕೈ ಮುಗಿಯುತ್ತೇನೆ. ಕೈ ಮುಗಿದರೆ ಮನಸ್ಸು ಹಗುರಾಗುತ್ತದೆ, ಸಿಟ್ಟು ಮಾತ್ರ ಇಳಿಯುವುದಿಲ್ಲ. ಈಗಲೂ ಯಾರಾದರೂ ಆ ಶಾಲೆ ಚಲೋ, ಈ ಶಾಲೆ ಸುಮಾರು ಎಂದರೆ, ನೀವು ಯಾವ ಮಗುವನ್ನು ಓದಿಸಿ ಕೇಳಿದಿರಿ ಎಂದು ನನ್ನ ಬಾಯಿ ಬಿರುಸಾಗುತ್ತದೆ.

ಮೊನ್ನೆ ಆ ಕಂಡಿಕೆ ಸಿಕ್ಕಾಗ ಅಕ್ಕೋರು ಕೊನೆಯ ಸಂಜೆ ಸುತ್ತಿದ್ದೇ ಇರಬೇಕೆಂದುಕೊಂಡೆ. ಜಗಲಿ ತೊಳೆಯುವುದು ಅಲ್ಲಿಗೇ ಬಿಟ್ಟು ನೂಲು ಬಿಚ್ಚುತ್ತ ಕುಳಿತೆ. ಅಕ್ಕೋರ ಸುತ್ತು ಬಿಗಿಯಾಗಿರುತ್ತಿತ್ತು. ಇದು ಅಲ್ಲಲ್ಲಿ ಸಡಿಲ. ಕೆಂಪು ನೂಲು ಮಡಿಲ ತುಂಬ ಬಿತ್ತು. ಕೊನೆಗೆ ಚೀಟಿ ಬಂತು. ಅದು ಅಕ್ಕೋರ ಅಕ್ಷರ ಅಲ್ಲ, ಮಗಳ ದುಂಡನೆಯ ಅಕ್ಷರ. ಒಂದು ಶಬ್ದ ಅಲ್ಲ, ಇಡೀ ಎರಡು ಸಾಲು.

'ಅಕ್ಕೋರ, ನಾ ಈಗ ನಿಲ್ಲದ ಓದ್ತೇನಿ. ಒಮ್ಮೆ ಬಂದು ಕೇಳ್ರಿ.'

ಅವರು ವರ್ಗವಾಗಿ ಹೋದ ಮೇಲೆ ಯಾವಾಗಲೋ ಬರೆದು, ತಾನೇ ನೂಲು ಸುತ್ತಿ, ಅಪ್ಪನ ಲಾಳಿಗೆ ಸಿಗದಂತೆ ದೇವರ ಹಿಂದೆ ಇಟ್ಟಿದ್ದಾಳೆ. ಮನೆಯಲ್ಲಿ ನಾನಿದ್ದೆ. ಹತ್ತು ಹೆಜ್ಜೆ ದೂರದ ಒಲೆಯ ಮುಂದೆ. ಎಲ್ಲಿ, ಓದು ನೋಡೋಣ ಎಂದು ಒಂದು ದಿನವೂ ಕೇಳಲಿಲ್ಲ. ಕೇಳುತ್ತಿದ್ದ ಒಬ್ಬರನ್ನು ಸಹಿ ಮಾಡಿ ಕಳಿಸಿದ್ದೆ.

ಸಂಜೆ ಮಗಳಿಗೆ ಫೋನ್ ಮಾಡಿದೆ. ಕಂಡಿಕೆಯ ಸುದ್ದಿ ಹೇಳಿದೆ. "ಬಿಚ್ಚಬಾರದಿತ್ತವ್ವಾ, ಅದು ನಿನಗ ಬರೆದದ್ದಲ್ಲ," ಎಂದಳು.

ನೂಲನ್ನು ಮತ್ತೆ ಸುತ್ತಲು ನೋಡಿದೆ. ಈ ಕೈಗೆ ಬರಲಿಲ್ಲ. ಬುಟ್ಟಿಯಲ್ಲಿ ಗಂಟುಗಂಟಾಗಿ ಬಿದ್ದಿದೆ.