ಕಾಲೂರಿದವರಿಗೆ ವರ್ಗಾವಣೆ

ಚಿತ್ರದುರ್ಗದ ಕಡೆಯೆಲ್ಲ ಬರೀ ಬಯಲು ಅನ್ನುವವರನ್ನು ನಾನು ನಂಬುವುದಿಲ್ಲ. ಅವರು ಬಸ್ಸಿನಲ್ಲಿ ಕೂತು ನೋಡಿದವರು. ಬಸ್ಸಿನಲ್ಲಿ ಕೂತವರಿಗೆ ಏರೂ ಒಂದೇ, ಇಳಿಜಾರೂ ಒಂದೇ. ನೆಲ ಎಲ್ಲಿ ಎದ್ದಿದೆ, ಎಲ್ಲಿ ಕೂತಿದೆ ಅಂತ ತಿಳಿಯಬೇಕಾದರೆ ಗೇರಿಲ್ಲದ ಸೈಕಲ್ ಬೇಕು, ಎದುರು ಗಾಳಿ ಬೇಕು, ಹೊಟ್ಟೆಯಲ್ಲಿ ಒಂದು ರಾಗಿಮುದ್ದೆ ಇರಬೇಕು. ಎಪ್ಪತ್ತರ ದಶಕದಲ್ಲಿ ನನಗೆ ಈ ಮೂರಕ್ಕೂ ಕೊರತೆ ಇರಲಿಲ್ಲ.

ನಾನು ಹಿರಿಯೂರಿನ ಸೈಕಲ್ ಶಾಪಿನವರ ಮಗಳು. ಮಾರಿಕಣಿವೆ ರಸ್ತೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಡಂ. ಕೆಲಸ ಸಿಕ್ಕಿದಾಗ ಅಪ್ಪ ಮೂರು ಹಳೇ ಸೈಕಲ್ಲುಗಳ ಬಿಡಿಭಾಗ ಸೇರಿಸಿ ನನಗೊಂದು ಲೇಡೀಸ್ ಸೈಕಲ್ ಮಾಡಿಕೊಟ್ಟರು. ಮುಂದಿನ ಚಕ್ರ ಒಂದು ಬಣ್ಣ, ಹಿಂದಿನದು ಇನ್ನೊಂದು ಬಣ್ಣ. ಸೀರೆಯ ನೆರಿಗೆಗೆ ಪಿನ್ನು ಹಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು ಕುರಿಗಳನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡೆ. ಆರು ತಿಂಗಳಿಗೆ ಅವರಿಗೂ ಬೇಸರವಾಯಿತು.

ಏರು ಹತ್ತುವ ಹುಚ್ಚು ಹಿಡಿದದ್ದು ಅಲ್ಲೇ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮನೆ ಕಡೆ ತಿರುಗಬೇಕಾದ ಸೈಕಲ್ಲು ಮಾರಿಕಣಿವೆ ಕಡೆ ತಿರುಗುತ್ತಿತ್ತು. ಎರಡು ಗುಡ್ಡಗಳ ನಡುವಿನ ಅಣೆಕಟ್ಟು ದೂರದಿಂದಲೇ ಕಂಡು ಆಸೆ ಹುಟ್ಟಿಸುತ್ತದೆ, ಹತ್ತಿರ ಹೋದಂತೆ ತೊಡೆಗೆ ಕೆಲಸ ಕೊಡುತ್ತದೆ, ಮೇಲೆ ಹೋದರೆ ಕಣ್ಣು ತುಂಬ ನೀರು ತೋರಿಸುತ್ತದೆ. ಹತ್ತಿದವರಿಗೆ ಕೈತುಂಬ ಕೂಲಿ ಕೊಡುವ ಏರು ಅದು. ಹೊಸದುರ್ಗದ ಹತ್ತಿರ ಇನ್ನೊಂದಿದೆ, ಅದು ಕಳ್ಳ ಏರು. ಎರಡೂ ಕಡೆ ತೆಂಗಿನ ತೋಟ, ರಸ್ತೆ ಮಟ್ಟಸವಾಗಿ ಕಾಣುತ್ತದೆ, ಕಾಲು ಮಾತ್ರ ಭಾರ. ಮೊದಲ ಸಲ ಟೈರು ಪಂಕ್ಚರ್ ಆಗಿದೆ ಅಂತ ಎರಡು ಬಾರಿ ಇಳಿದು ಒತ್ತಿ ನೋಡಿದ್ದೆ. ಇವೆರಡಕ್ಕೂ ಹಿರಿಯಣ್ಣ ಅಂದರೆ ಚಿತ್ರದುರ್ಗದ ಜೋಗಿಮಟ್ಟಿ. ಹತ್ತಿಸುತ್ತೇನೆ ಅಂತ ಮೊದಲೇ ಹೇಳಿ ಹತ್ತಿಸುವ ಬೆಟ್ಟ ಅದು. ಮೋಸವಿಲ್ಲ, ಕರುಣೆಯೂ ಇಲ್ಲ.

ಮದುವೆಯಾದದ್ದು ಹೊಳಲ್ಕೆರೆಯ ಹೈಸ್ಕೂಲಿನ ಲೆಕ್ಕದ ಮೇಷ್ಟ್ರನ್ನು. ಅವರೂ ಸೈಕಲ್ ಹುಚ್ಚಿನವರು ಅನ್ನುವುದು ಹೆಣ್ಣು ನೋಡಲು ಬಂದ ದಿನವೇ ಗೊತ್ತಾಯಿತು. ನನ್ನ ಮುಖ ನೋಡುವುದಕ್ಕಿಂತ ಹೆಚ್ಚು ಹೊತ್ತು ಜಗುಲಿಯ ಮೇಲಿದ್ದ ನನ್ನ ಸೈಕಲ್ ನೋಡಿದರು. ನನಗೆ ಅದೇ ಹಿಡಿಸಿತು.

ಬೇಸಿಗೆಯಲ್ಲಿ ಮದುವೆ. ಜೂನಿನಲ್ಲಿ ಶಾಲೆ ಶುರುವಾದಾಗ ಅವರು ಹೊಳಲ್ಕೆರೆಯಲ್ಲಿ, ನಾನು ಹಿರಿಯೂರಿನಲ್ಲಿ. ಎರಡು ವಾರಕ್ಕೊಮ್ಮೆ ಭಾನುವಾರ ಹೊಸದುರ್ಗದಲ್ಲಿ ಭೇಟಿ. ಅವರು ಆ ಕಡೆಯಿಂದ ತುಳಿದುಕೊಂಡು ಬರುತ್ತಿದ್ದರು, ನಾನು ಈ ಕಡೆಯಿಂದ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದೆವು: ವರ್ಗಾವಣೆಗೆ ಅರ್ಜಿ ಹಾಕುವವರು ಯಾರು? ಅವರಿಗೆ ಎಸ್ಸೆಸ್ಸೆಲ್ಸಿ ಹುಡುಗರನ್ನು ನಡುವೆ ಬಿಟ್ಟು ಬರಲು ಮನಸ್ಸಿಲ್ಲ. ನನ್ನ ಶಾಲೆಯಲ್ಲಿ ಏಳು ಹುಡುಗಿಯರು ಸಂಜೆ ನನ್ನ ಸೈಕಲ್ಲಿನ ಮೇಲೆ ಬ್ಯಾಲೆನ್ಸ್ ಕಲಿಯುತ್ತಿದ್ದರು, ಇಬ್ಬರಿಗೆ ಇನ್ನೂ ಬಂದಿರಲಿಲ್ಲ. ಮಾರಿಕಣಿವೆ ಏರು ಬೇರೆ. ಹೆಂಡತಿ ಗಂಡನ ಊರಿಗೆ ಹೋಗುವುದು ಪದ್ಧತಿ ಅಂತ ಎಲ್ಲರೂ ಹೇಳಿದರು. ಪದ್ಧತಿ ಅಂದ ಕೂಡಲೇ ನನ್ನ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಒಂದು ಭಾನುವಾರ ಅವರೇ ಹೇಳಿದರು: "ದಸರಾ ರಜಕ್ಕೆ ಜೋಗಿಮಟ್ಟಿ ಹತ್ತಾಣ. ಯಾರು ಮೊದಲು ನೆಲಕ್ಕೆ ಕಾಲೂರ್ತಾರೋ ಅವರು ಅರ್ಜಿ ಬರೀಬೇಕು."

"ನೀವು ಸೋತ್ರೆ ನಿಮ್ಮವ್ವ ನನ್ನ ಬೈತಾರೆ."

"ನಾನು ಸೋತ್ರೆ ಅವ್ವನೂ ನನ್ನ ಜೊತೆ ಹಿರಿಯೂರಿಗೆ ಬರ್ತಾಳೆ. ಮಾರಿಕಣಿವೆ ನೋಡಿಲ್ಲ ಅಂತ ಹೇಳ್ತಾನೇ ಇರ್ತಾಳೆ. ನೀನು ಸೋಲೋ ವಿಷಯ ಯೋಚನೆ ಮಾಡು."

ನಾನು ಒಪ್ಪಿದೆ.

ಈಗ ನಮ್ಮ ಅತ್ತೆಯ ಎಣ್ಣೆ ಬಟ್ಟಲಿನ ವಿಷಯ ಹೇಳಬೇಕು. ಅತ್ತೆಗೆ ಗಾಣದ ಕಡಲೆಕಾಯಿ ಎಣ್ಣೆಯ ಮೇಲೆ ದೇವರಷ್ಟೇ ಭಕ್ತಿ. ಶನಿವಾರ ಬಂತೆಂದರೆ ಬಟ್ಟಲು ಹಿಡಿದು ಮನೆ ಸುತ್ತುತ್ತಿದ್ದರು. ಮಗನ ನೆತ್ತಿಗೆ ಒಂದಿಷ್ಟು, ಬಾಗಿಲ ತಿರುಗಣೆಗೆ ಒಂದಿಷ್ಟು, ಹೊಲಿಗೆ ಮಿಷನ್ನಿಗೆ ಒಂದಿಷ್ಟು, ಕೊನೆಗೆ ಮಗನ ಸೈಕಲ್ಲಿಗೆ. ಕಿರ್ ಅನ್ನುವುದಕ್ಕೆಲ್ಲ ಎಣ್ಣೆ ಬೇಕು ಅನ್ನುವುದು ಅವರ ಸಿದ್ಧಾಂತ. ಹೊಲಿಗೆ ಮಿಷನ್ನು ಎರಡು ವರ್ಷದಿಂದ ತಿರುಗುತ್ತಿರಲಿಲ್ಲ. ಅದಕ್ಕೆ ಎಣ್ಣೆ ಸಾಲದು ಅಂತ ಅವರ ತೀರ್ಮಾನ.

ಆಯುಧಪೂಜೆಗೆ ನಾನು ನನ್ನ ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಹೊಳಲ್ಕೆರೆಗೆ ಹೋಗಿದ್ದೆ. ಅತ್ತೆ ಎರಡೂ ಸೈಕಲ್ಲು ತೊಳೆದು, ವಿಭೂತಿ ಕುಂಕುಮ ಇಟ್ಟು, ಹ್ಯಾಂಡಲ್ಲಿಗೆ ಚೆಂಡು ಹೂ ಕಟ್ಟಿದರು. ಆಮೇಲೆ ಬಟ್ಟಲು ತಂದು ಮಗನ ಸೈಕಲ್ಲಿನ ಫ್ರೀವೀಲಿಗೆ, ಅಂದರೆ ಹಿಂದಿನ ಚಕ್ರದಲ್ಲಿ ಪೆಡಲ್ ನಿಲ್ಲಿಸಿದಾಗ ಟಿಕಿಟಿಕಿ ಅನ್ನುವ ಹಲ್ಲಿನ ಗಾಲಿಗೆ, ಧಾರೆಯಾಗಿ ಸುರಿದರು. ನನ್ನದಕ್ಕೆ ಬಂದಾಗ "ನಂದಕ್ಕೆ ಬ್ಯಾಡ ಅತ್ತೆ, ನಮ್ಮಪ್ಪ ಈಗಷ್ಟೇ ಹಾಕ್ಯಾರೆ" ಅಂತ ಅಡ್ಡ ನಿಂತೆ. ಅಪ್ಪ ಶಾಪಿನಲ್ಲಿ ದಿನಾ ಯಾರಿಗಾದರೂ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ: "ಅಡಿಗೆ ಎಣ್ಣೆ ಅಡಿಗೆಗೆ. ಫ್ರೀವೀಲಿಗೆ ಹಾಕಿದ್ರೆ ಅಂಟಾಗ್ತೈತೆ. ಮೊದ್ಲು ಸದ್ದು ಬಿಡ್ತೈತೆ, ಆಮ್ಯಾಕೆ ಹಿಡಿತ ಬಿಡ್ತೈತೆ."

ಎರಡು ದಿನ ಬಿಟ್ಟು ನಾವಿಬ್ಬರೂ ಮೊದಲ ಬಸ್ಸಿಗೆ ದುರ್ಗಕ್ಕೆ ಹೋದೆವು. ಟಾಪಿನಿಂದ ಸೈಕಲ್ ಇಳಿಸಿಕೊಂಡು ಪೇಟೆಯ ಒಂದು ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಬಿಟ್ಟೆವು. ನನ್ನ ಫ್ರೀವೀಲು ಟಿಕಿಟಿಕಿ ಅಂತ ಹಾಡಿಕೊಂಡು ಇಳಿಯಿತು. ಪಕ್ಕದಲ್ಲಿ ಅವರದು ಸದ್ದೇ ಇಲ್ಲ, ತುಪ್ಪದಲ್ಲಿ ಜಾರಿದ ಹಾಗೆ ಇಳಿಯುತ್ತಿತ್ತು.

"ನೋಡು, ಎಷ್ಟು ಸ್ಮೂತಾಗೈತೆ" ಅಂದರು ಅವರು. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಬಿಟ್ಟು ಇನ್ನೇನು ಗೊತ್ತಿರುತ್ತದೆ.

ನನಗೆ ಗೊತ್ತಾಯಿತು. ಅರ್ಧ ದಾರಿ ಏರುವುದರೊಳಗೆ ಅದು ಕೈಕೊಡುತ್ತದೆ ಅಂತ ಖಚಿತವಾಗಿ ಗೊತ್ತಾಯಿತು. ಹೇಳಬೇಕಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಅನ್ನುತ್ತಾರಲ್ಲ, ನಾನು ಕಣ್ಣು ತೆರೆದುಕೊಂಡು ಬಾಯಿ ಮುಚ್ಚಿಕೊಂಡೆ. ಆ ಇಬ್ಬರು ಹುಡುಗಿಯರಿಗೆ ಇನ್ನೂ ಬ್ಯಾಲೆನ್ಸ್ ಬಂದಿಲ್ಲ ಅಂತ ನೆಪ ಹೇಳಿಕೊಂಡೆ. ಅದು ನೆಪ ಅಂತಲೂ ಗೊತ್ತಿತ್ತು.

ಜೋಗಿಮಟ್ಟಿ ರಸ್ತೆ ಊರು ಬಿಟ್ಟ ಕೂಡಲೇ ಮೇಲಕ್ಕೆ ಏಳುತ್ತದೆ. ಮಳೆಗಾಲ ಕಳೆದು ಗುಡ್ಡದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಎಲ್ಲೋ ನವಿಲು ಕೂಗುತ್ತಿತ್ತು. ಮೊದಲ ತಿರುವಿನವರೆಗೂ ಅಕ್ಕಪಕ್ಕ ಮಾತಾಡಿಕೊಂಡೇ ಹೋದೆವು. ಆಮೇಲೆ ಮಾತು ನಿಂತಿತು. ಅವರು ಮುಂದೆ, ನಾನು ಹಿಂದೆ. ನಿಜ ಹೇಳಬೇಕೆಂದರೆ ಅವರು ಚೆನ್ನಾಗಿ ಹತ್ತುತ್ತಿದ್ದರು, ಸೀಟಿನಿಂದ ಏಳದೆ, ಒಂದೇ ಸಮ. ನಾನು ಎದ್ದು ನಿಂತು ಒದೆಯುವ ಜಾತಿ.

ಎರಡನೇ ತಿರುವಿನ ಮೇಲೆ ರಸ್ತೆ ಇದ್ದಕ್ಕಿದ್ದಂತೆ ಕಡಿದಾಗುವ ಕಡೆ ಅವರ ಪೆಡಲು ಗಿರ್ರನೆ ಖಾಲಿ ತಿರುಗಿತು. ಚಕ್ರಕ್ಕೆ ಹಿಡಿತ ಸಿಗಲಿಲ್ಲ. ಇನ್ನೆರಡು ಸುತ್ತು ತುಳಿದರು, ಬರೀ ಗಾಳಿ. ಸೈಕಲ್ಲು ವಾಲಿತು. ಅವರ ಬಲಗಾಲು ನೆಲ ಮುಟ್ಟಿತು.

ನಾನು ನಿಲ್ಲಲಿಲ್ಲ. ಅವರನ್ನು ದಾಟುವಾಗ "ಹೋಗು ಹೋಗು, ನಿಲ್ಲಬ್ಯಾಡ" ಅಂತ ಅವರೇ ಅಂದರು. ಆ ಮಾತು ಕೇಳಿ ಕಾಲು ಇನ್ನೂ ಭಾರವಾಯಿತು. ಆದರೂ ತುದಿಯವರೆಗೂ ತುಳಿದೆ. ಒಮ್ಮೆಯೂ ಕಾಲೂರಲಿಲ್ಲ.

ಜೋಗಿಮಟ್ಟಿಯ ಮೇಲೆ ಬೀಸುವ ಗಾಳಿ ಮನುಷ್ಯರನ್ನೇ ದೂಡುತ್ತದೆ. ಅಲ್ಲಿನ ಹಳೇ ಬಂಗಲೆಯ ಮೆಟ್ಟಿಲ ಮೇಲೆ ಕೂತು ಕೆಳಗಿನ ಊರು, ಕೆರೆ, ಹೊಲ ಎಲ್ಲ ನೋಡಿದೆ. ಗೆದ್ದಿದ್ದೆ, ಹಿರಿಯೂರು ಉಳಿದಿತ್ತು. ಖುಷಿ ಮಾತ್ರ ನನ್ನ ಜೊತೆ ಬೆಟ್ಟ ಹತ್ತಿರಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಅವರು ಸೈಕಲ್ ತಳ್ಳಿಕೊಂಡು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಸರಿ, ನಾನೇ ಬರೀತೀನಿ ಅರ್ಜಿ" ಅಂದರು. ಮುಖದಲ್ಲಿ ಕೊಂಕಿರಲಿಲ್ಲ. ಆಮೇಲೆ ಸೈಕಲ್ಲನ್ನು ನನ್ನ ಮುಂದೆ ನಿಲ್ಲಿಸಿದರು. "ಏನಾಗೈತೆ ನೋಡೇ. ನೀನು ಸೈಕಲ್ ಶಾಪಿನೋಳು, ನಿಂಗೆ ತಿಳೀತೈತೆ."

ಬೈದಿದ್ದರೆ ಜೀರ್ಣಿಸಿಕೊಳ್ಳುತ್ತಿದ್ದೆ. ಹೀಗೆ ನಂಬಿ ಕೇಳಿದ್ದು ತಡೆಯಲಾಗಲಿಲ್ಲ.

"ಇವತ್ತಿಂದು ಪಂದ್ಯ ಅಲ್ಲ ರೀ" ಅಂದೆ. "ಅತ್ತೆ ಹಾಕಿದ ಎಣ್ಣೆ ಒಳಗೆ ಅಂಟಾಗೈತೆ. ಬೆಳಿಗ್ಗೆ ಇಳಿಜಾರಿನಾಗೆ ಸದ್ದು ಬರ್ಲಿಲ್ಲ. ನನಗೆ ಆವಾಗ್ಲೇ ಗೊತ್ತಿತ್ತು."

ಅವರು ಸೈಕಲ್ಲನ್ನು ಇಳಿಜಾರಿನ ಕಡೆ ತಿರುಗಿಸಿದರು. ಬೆಟ್ಟ ಇಳಿಯುವಾಗ ಅವರು ಮಾತಾಡಲಿಲ್ಲ. ಅವರ ಸೈಕಲ್ಲೂ ಮಾತಾಡಲಿಲ್ಲ, ಇಡೀ ಇಳಿಜಾರಿನಲ್ಲಿ ನನ್ನದೊಂದೇ ಸದ್ದು. ನನ್ನ ಫ್ರೀವೀಲಿನ ಮೇಲೆ ನನಗೇ ಸಿಟ್ಟು ಬಂತು. ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ಲುಗಳನ್ನು ಟಾಪಿಗೆ ಹತ್ತಿಸಿ ಆದ ಮೇಲೆ ಬಾಯಿ ಬಿಟ್ಟರು.

"ಅವ್ವಗೆ ಹೇಳಬ್ಯಾಡ. ನೊಂದ್ಕಂತಾಳೆ." ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತ, "ರಜ ಮುಗಿಯೋದ್ರೊಳಗೆ ಮತ್ತೆ ಹತ್ತಾಣ. ಫ್ರೀವೀಲು ನೀನೇ ತೊಳೀಬೇಕು."

ಮಾರನೇ ದಿನ ಹಿತ್ತಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಹಿಂದಿನ ಚಕ್ರ ಬಿಚ್ಚಿ, ಸೀಮೆಎಣ್ಣೆ ಬಿಟ್ಟು, ಹಳೇ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಬಿಟ್ಟೆ. ಜೇನಿನಂಥ ಅಂಟು ಇಳಿಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಹಾಕಿದ್ದನ್ನೆಲ್ಲ ತೊಳೀತೀಯಲ್ಲೇ?"

"ಧೂಳು ಕೂತೈತೆ ಅತ್ತೆ."

"ಅದಕ್ಕೇ ನಾನು ಅನ್ಕಂಡೆ, ಇನ್ನೊಂದೀಟು ಬಿಡಬೇಕಿತ್ತು ಅಂತ."

ಒಂದಿಷ್ಟು ಅಂಟು ಒಳಗೇ ಉಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಯೋಚನೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂತು. ಬಂದದ್ದಕ್ಕೇ ಇನ್ನೊಂದು ಬಟ್ಟಲು ಸೀಮೆಎಣ್ಣೆ ಸುರಿದೆ. ಕೊನೆಗೆ ಅಪ್ಪ ಕೊಟ್ಟಿದ್ದ ಸೈಕಲ್ ಎಣ್ಣೆ ನಾಲ್ಕು ಹನಿ ಬಿಟ್ಟು ಚಕ್ರ ತಿರುಗಿಸಿದೆ. ಟಿಕಿಟಿಕಿ ಸದ್ದು ಅಡಿಗೆಮನೆವರೆಗೂ ಕೇಳಿಸಿತು.

ಎರಡನೇ ಪಂದ್ಯದ ಬಗ್ಗೆ ಹೇಳಲು ಹೆಚ್ಚಿಲ್ಲ. ಗಾಳಿ ಎದುರಿಗಿತ್ತು, ಇಬ್ಬರಿಗೂ ಇತ್ತು. ಐದನೇ ತಿರುವಿನಲ್ಲಿ ನನ್ನ ತೊಡೆ ನಡುಗಿತು, ಇನ್ನೊಂದು ಒದೆತ ಅಂದುಕೊಂಡೆ, ಆಗಲಿಲ್ಲ. ಕಾಲೂರಿದೆ. ಕಲ್ಲು, ಸೀರೆ, ಫ್ರೀವೀಲು ಯಾವುದರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಅವರು ತಿರುಗಿ ನೋಡಿದರು, ಆದರೆ ನಿಲ್ಲಲಿಲ್ಲ. ನಿಂತಿದ್ದರೆ ನಾನು ಇವತ್ತಿಗೂ ಕ್ಷಮಿಸುತ್ತಿರಲಿಲ್ಲ.

ಅರ್ಜಿಯಲ್ಲಿ ಕಾರಣ ಬರೆಯಬೇಕಿತ್ತು. "ಪತಿಯ ಸ್ಥಳದಲ್ಲಿ ವಾಸಿಸುವ ಸಲುವಾಗಿ" ಅಂತ ಬರೆದೆ. ನೋಡಿದವರೆಲ್ಲ ಪದ್ಧತಿಯಂತೆ ಸರಿಯಾಗಿದೆ ಅಂದರು. ಐದನೇ ತಿರುವಿನ ವಿಷಯ ನಮ್ಮಿಬ್ಬರಿಗೇ ಗೊತ್ತು. ಆರ್ಡರ್ ಬರುವುದರೊಳಗೆ ಉಳಿದಿಬ್ಬರು ಹುಡುಗಿಯರಿಗೂ ಬ್ಯಾಲೆನ್ಸ್ ಬಂತು. ಕೊನೆಯ ದಿನ ಏಳೂ ಜನ ನನ್ನ ಸೈಕಲ್ಲನ್ನು ಸರದಿಯಲ್ಲಿ ಶಾಲೆ ಸುತ್ತ ಓಡಿಸಿದರು. ನಾನು ಅತ್ತುಬಿಟ್ಟೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೊಳಲ್ಕೆರೆಗೆ ಬಂದ ಮೊದಲ ಶನಿವಾರ ಅತ್ತೆ ಬಟ್ಟಲು ಹಿಡಿದು ನನ್ನ ಸೈಕಲ್ಲಿನ ಹತ್ತಿರ ಬಂದರು. ಈ ಸಲ ಅಡ್ಡ ನಿಲ್ಲಲಿಲ್ಲ. ಸೊಸೆ ಅಂತ ಒಪ್ಪಿಕೊಂಡು ಸುರಿಯುತ್ತಿದ್ದ ಎಣ್ಣೆ ಅದು. ಸಂಜೆ ತೊಳೆದರಾಯಿತು ಅಂದುಕೊಂಡೆ, ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ಮರೆತೇ ಹೋಯಿತು. ಮಾರನೇ ಬೆಳಿಗ್ಗೆ ಹೊಸದುರ್ಗದ ಕಳ್ಳ ಏರಿಗೆ ಪಂದ್ಯವಿತ್ತು. ಸೋತವರು ಒಂದು ವಾರ ಬಾವಿ ನೀರು ಸೇದಬೇಕು. ಸೈಕಲ್ಲು ಹೊರಗೆ ತೆಗೆಯುವಾಗ ಎಣ್ಣೆ ನೆನಪಾಯಿತು. ಒಂದು ಹೆಜ್ಜೆ ಮುಂದೆ ತಳ್ಳಿದೆ.

ಟಿಕಿಟಿಕಿ ಅಂದಿತು.

ಬಗ್ಗಿ ನೋಡಿದೆ, ಸೀಮೆಎಣ್ಣೆ ವಾಸನೆ. ಅವರು ಅಂಗಳದ ಆ ತುದಿಯಲ್ಲಿ ತಮ್ಮ ಟೈರಿಗೆ ಗಾಳಿ ಹೊಡೆಯುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ. ಪಂಪು ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು.