ಕಾಯಿಸಿ ಆರಿಸಿದ ನೀರು

ಹೋದ ವರ್ಷ ಯುಗಾದಿಯ ಹೊತ್ತಿಗೆ ಅಮ್ಮನ ಕತ್ತು ತಿರುಗುವುದು ನಿಂತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದಳು.

ಪಕ್ಕದ ಮನೆಯ ಅತ್ತೆ ಬಿಡಲಿಲ್ಲ. "ಏಮಕ್ಕಾ, ಪೊಲೀಸ್ ಕೆಲ್ಸಕ್ಕೆ ಸೇರ್ಕಂಡ್ಯಾ? ಪೆರೇಡ್ ಮಾಡ್ದಂಗೆ ತಿರುಗ್ತೀಯಲ್ಲ!"

"ಊಂ ಕಣೇ, ಮೊದ್ಲು ನಿನ್ನೇ ಹಿಡ್ಕಂಡು ಹೋಗ್ತೀನಿ ತಡಿ," ಎಂದು ಅಮ್ಮನೂ ನಕ್ಕಳು.

ನಮ್ಮದು ಪಾವಗಡ ತಾಲ್ಲೂಕು, ರಾಯಚರ್ಲು ಕಡೆಯ ಊರು. ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದ ನಾನು ಆಗಷ್ಟೇ ಮನೆಗೆ ಬಂದಿದ್ದೆ. ದಿನವೂ ತಾರೀಖು ಹಾಕಿ ಬರೆಯುವ ಅಭ್ಯಾಸ ನನ್ನದು. ಅಮ್ಮನಿಗೆ ಯಾವತ್ತು ಸೊಂಟ, ಯಾವತ್ತು ಮಂಡಿ, ಯಾವ ಮಾತ್ರೆಗೆ ಎಷ್ಟು ಹೊತ್ತು ನೋವು ತಗ್ಗಿತು ಎಂಬುದನ್ನೂ ಗುರುತು ಹಾಕತೊಡಗಿದೆ. ಸಲಹೆಗಳಿಗೇನೂ ಕೊರತೆ ಇರಲಿಲ್ಲ. ವಾಯು ಎಂದರು, ಅಮ್ಮ ಆಲೂಗಡ್ಡೆ, ಬದನೆಕಾಯಿ ಬಿಟ್ಟಳು. ದಿಂಬು ತೆಗಿ ಎಂದರು, ತೆಗೆದಳು. ಹರಳೆಣ್ಣೆ ಬೆಚ್ಚಗೆ ಮಾಡಿ ನಾನೇ ಉಜ್ಜಿದೆ. ಶಿರಾ ಕಡೆಯ ನಾಟಿ ವೈದ್ಯರೊಬ್ಬರು ಕಟ್ಟಿದ ಪಟ್ಟಿಯನ್ನು ಬಿಚ್ಚಿದಾಗ ಕತ್ತು ಮೊದಲಿಗಿಂತ ಬಿಗಿಯಾಗಿತ್ತು.

ಕೊನೆಗೆ ಪಾವಗಡದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ನಾನು ಬರೆದಿಟ್ಟದ್ದನ್ನು ಅವರು ತಾಳ್ಮೆಯಿಂದ ನೋಡಿದರು. "ಊಟ ಬರೆದಿದ್ದೀಯ, ಮಾತ್ರೆ ಬರೆದಿದ್ದೀಯ. ನೀರು ಎಲ್ಲಿ?" ಎಂದರು. ನೀರನ್ನು ಯಾರು ಬರೆಯುತ್ತಾರೆ?

ಅಮ್ಮನಿಗೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಿದರು. ಕೈ ಮಂಡಿಯ ಹತ್ತಿರವೇ ನಿಂತಿತು. ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ತನ್ನಿ ಎಂದರು. ಕಿವಿಯವರೆಗೆ ಬಂದವು. ಗದ್ದವನ್ನು ಎದೆಗೆ ಮುಟ್ಟಿಸಿ ಎಂದರು. ಅಮ್ಮ ಕಣ್ಣು ಮುಚ್ಚಿಕೊಂಡು ಪ್ರಯತ್ನಿಸಿದಳು. ಡಾಕ್ಟರು ನಡುವೆ ಬೆರಳಿಟ್ಟು ನೋಡಿದರು: ನಾಲ್ಕು ಬೆರಳು ಸಲೀಸಾಗಿ ಹಿಡಿದವು.

"ಯಾವ ನೀರು ಕುಡೀತೀರಮ್ಮ?"

"ಕಾಯ್ಸಿ ಆರ್ಸಿದ ನೀರೇ ಸಾರ್. ಬೇರೆ ನೀರು ಮುಟ್ಟೋಳೇ ಅಲ್ಲ." ಆ ಕೋಣೆಗೆ ಬಂದಮೇಲೆ ಅಮ್ಮ ಧೈರ್ಯವಾಗಿ ಹೇಳಿದ ಮಾತು ಅದೊಂದೇ.

"ಕಾಯಿಸೋದು ಯಾವ ನೀರನ್ನ?"

"ಬೋರಿಂದು."

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನಗೆ ಟೈಫಾಯಿಡ್ ಬಂದಿತ್ತು. ನೀರು ಕಾಯಿಸಿ ಕುಡಿಸಿ ಎಂದು ಆಗ ನೋಡಿದ ಡಾಕ್ಟರು ಹೇಳಿದ್ದರು. ಅಂದಿನಿಂದ ಅಮ್ಮ ಒಂದು ದಿನವೂ ತಪ್ಪಿಸಿರಲಿಲ್ಲ. ಚೆನ್ನಾಗಿ ಕಾಯಲಿ ಎಂದು ಜೀರಿಗೆ ಹಾಕಿ ಅರ್ಧಕ್ಕೆ ಇಳಿಸುತ್ತಿದ್ದಳು. ಊರಿಗೆ ಫಿಲ್ಟರ್ ನೀರಿನ ಘಟಕ ಬಂದಾಗ ಅಪ್ಪ ಒಂದು ಕ್ಯಾನ್ ತಂದಿಟ್ಟರು. "ಮಿಷನ್ ನೀರು, ಯಾರೂ ಕಾಯ್ಸಿರಲ್ಲ," ಎಂದು ಅಮ್ಮ ಅದನ್ನು ಬಂದವರಿಗೆ ಕೊಡಲು ಇಟ್ಟಳು. ಅಪ್ಪ ವಾರವೆಲ್ಲ ಲಾರಿಯ ಮೇಲೆ, ನಾನು ಹಾಸ್ಟೆಲಿನಲ್ಲಿ. ಕಾಯಿಸಿದ್ದನ್ನೆಲ್ಲ ಅವಳೊಬ್ಬಳೇ ಕುಡಿದಳು.

ಡಾಕ್ಟರು ಮೆಲ್ಲಗೆ ವಿವರಿಸಿದರು. "ಕಾಯಿಸಿದ್ರೆ ಕ್ರಿಮಿ ಸಾಯ್ತವೆ ಅಮ್ಮ. ನಿಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಮೂಳೆಗೆ ಸೇರಿ ಕೀಲು ಬಿಗಿಯೋದು ಅದೇ. ಅದು ಕ್ರಿಮಿ ಅಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಅರ್ಧಕ್ಕೆ ಇಳಿಸಿದ್ರೆ ಪ್ರತಿ ಲೋಟದಲ್ಲೂ ಅದು ಎರಡರಷ್ಟಾಯ್ತು."

"ಡಾಕ್ಟ್ರೇ ಹೇಳಿದ್ದು ಸಾರ್."

"ಅವರು ಆ ಜ್ವರಕ್ಕೆ ಹೇಳಿದ್ದು ಸರಿಯಾಗೇ ಇತ್ತು."

ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆಗೂ ಸಾರಿಗೂ ಫಿಲ್ಟರ್ ನೀರನ್ನೇ ಹಾಕಿ, ಹಾಲು, ಸೊಪ್ಪು, ನೆಲ್ಲಿಕಾಯಿ ತಿನ್ನಿ, ಹಾಲಿಲ್ಲದ ಬರಿ ಟೀ ಬಿಡಿ ಎಂದರು. ಎಕ್ಸ್‌ರೇ ನೋಡಿದ ಮೇಲೆ ಉಳಿದದ್ದನ್ನೂ ಮುಚ್ಚಿಡದೆ ಹೇಳಿದರು. ನೋವು ಸ್ವಲ್ಪ ಇಳಿಯಬಹುದು, ಇನ್ನಷ್ಟು ಬಿಗಿಯದಂತೆ ತಡೆಯಬಹುದು; ಬಿಗಿದದ್ದು ಸಡಿಲವಾಗುವುದಿಲ್ಲ.

ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕುಳಿತಿದ್ದಳು. ಊರು ಬರುವ ಮುಂಚೆ, "ಅಲ್ಲ, ಸೊಸೈಟಿ ಅಕ್ಕಿ ತಿಂದ್ರೂ ನೀರು ಕಾಯ್ಸಕ್ಕೆ ಸೌದೆ ಉಳುಸ್ದೋಳಲ್ಲ ನಾನು. ಅಷ್ಟು ಸೌದೆ ಸುಟ್ಟು ಇದನ್ನ ಕಾಯ್ಸಿದ್ನಾ?" ಎಂದಳು.

ಮರುದಿನದಿಂದ ಕ್ಯಾನ್ ತರುವ ಕೆಲಸ ನನ್ನದಾಯಿತು. "ಇದ್ರಲ್ಲಿ ಮುದ್ದೆ ಮಾಡುದ್ರೆ ರುಚೀನೆ ಇರಲ್ಲ ಕಣಮ್ಮ," ಎಂದು ಗೊಣಗುತ್ತಲೇ ಅಮ್ಮ ಎಸರಿಗೂ ಅದನ್ನೇ ಸುರಿದಳು. ಮಳೆಗಾಲದ ಹೊತ್ತಿಗೆ ಮಂಡಿನೋವು ಕಡಿಮೆಯಾಯಿತು, ಮಾತ್ರೆಯೂ ಕಡಿಮೆಯಾಯಿತು. ಅದರಿಂದಲೇ ಅವಳಿಗೆ ಕತ್ತೂ ಸಡಿಲಾದೀತು ಎಂಬ ಆಸೆ ಹುಟ್ಟಿದ್ದು. ಭಾನುವಾರ ಬಂದರೆ ಗೋಡೆಗೆ ಒರಗಿ ನಿಂತು, "ಗದ್ದದ ಕೆಳ್ಗೆ ಬೆರಳಿಟ್ಟು ಅಳ್ದು ನೋಡ್ ಬಾರೇ," ಎಂದು ಕರೆಯುತ್ತಾಳೆ.

ಒಂದು ಭಾನುವಾರ ಮೂರೇ ಬೆರಳು ಹಿಡಿದವು. ನೋಡಿದರೆ ಅಮ್ಮ ಬಾಯನ್ನು ಅಗಲವಾಗಿ ತೆರೆದು ಗದ್ದ ಇಳಿಸಿದ್ದಳು.

"ಬಾಯಿ ಮುಚ್ಕಂಡು ಬಗ್ಸಮ್ಮ."

"ಬಾಯಿ ಮುಚ್ಚುದ್ರೆ ಬಗ್ಗಲ್ವಲ್ಲೇ."

ಇಬ್ಬರೂ ನಕ್ಕೆವು. ಆಮೇಲೆ ಅವಳು ಬಾಯಿ ಮುಚ್ಚಿಕೊಂಡಳು, ನಾನು ಮತ್ತೆ ಅಳೆದೆ. ನಾಲ್ಕು.

ಅಮ್ಮ ಗೋಡೆ ಬಿಟ್ಟು ನನ್ನ ಮುಂದೆ ಬಂದು ನಿಂತಳು. "ನೀನ್ ಬಗ್ಗು," ಎಂದಳು. ನಾನು ತಲೆ ಬಗ್ಗಿಸಿದೆ. ನನ್ನ ಗದ್ದಕ್ಕೂ ಎದೆಗೂ ನಡುವೆ ಅವಳು ಬೆರಳು ತೂರಿಸಲು ನೋಡಿದಳು, ಒಂದೂ ಹೋಗಲಿಲ್ಲ. ಇನ್ನೊಂದು ಸಲ ನೋಡಿದಳು. "ಸರಿ, ತಲೆ ಎತ್ತು," ಎಂದು ಹೇಳಿ, ಮೈಯನ್ನು ಪೂರ್ತಿ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.